ಮಾವು ಸತ್ತಿದ್ದು ಚಳಿಗಲ್ಲ

ಚಳಿ ಜಾಗದಲ್ಲಿ ಮಾವು, ಬಾಳೆ, ಪರಂಗಿನೆಲ್ಲ ಹೊರಗಡೆ ನೆಲದಲ್ಲೇ ಬೆಳೆಸ್ತೀನಿ ಅಂದ್ರೆ ಎಲ್ರೂ ಕೇಳೋದು ಒಂದೇ, ಎಷ್ಟು ಡಿಗ್ರಿಗೆ ಸಾಯತ್ತೆ ಅಂತ. ನಾನೂ ಮೊದಲು ಆ ನಂಬರ್‌ಗಳನ್ನೇ ಬಾಯಿಪಾಠ ಮಾಡ್ಕೊಂಡಿದ್ದೆ. ಆದ್ರೆ ನನ್ನ ಮೊದಲನೇ ಮಾವಿನ ಗಿಡ ಹೋಗಿದ್ದು ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟೋ ಚಳಿ) ಬಿದ್ದ ರಾತ್ರಿ ಅಲ್ಲ, ಅದಾದ್ಮೇಲೆ ಮೂರು ವಾರ ಬಿಡದೆ ಮಳೆ ಹಿಡ್ಕೊಂಡಾಗ. ಕಿತ್ತು ನೋಡಿದ್ರೆ ಬೇರಿನ ಸಿಪ್ಪೆ ಬೆರಳಿಗೇ ಕಳಚ್ಕೊಂಡು ಬಂತು, ಒಳಗೆ ಬರೀ ನಾರು, ಕೊಳೆತ ವಾಸನೆ ಬೇರೆ. ಮಣ್ಣು ತಣ್ಣಗಿದ್ರೆ ಬೇರು ನೀರು ಎಳ್ಕೊಳ್ಳೋದೇ ಕಮ್ಮಿ, ಆ ನೀರು ಅಲ್ಲೇ ನಿಂತು ಬೇರನ್ನ ಕೊಳೆಸಿಬಿಡತ್ತೆ. ಪರಂಗಿ ಅಂತೂ ಈ ವಿಷಯದಲ್ಲಿ ಇನ್ನೂ ನಾಜೂಕು. ಈಗ ಏನೇ ನೆಟ್ರೂ ಒಂದೂವರೆ ಅಡಿ ದಿಬ್ಬ ಮಾಡಿ ಅದರ ಮೇಲೇನೇ ನೆಡೋದು.

ಇನ್ನು ಜಾಗ. ತಣ್ಣನೆ ಗಾಳಿ ಭಾರ, ನೀರಿನ ಥರ ತಗ್ಗಿಗೆ ಹರಿದು ಅಲ್ಲೇ ನಿಲ್ಲತ್ತೆ, ಹಾಗಾಗಿ ತೋಟದ ತಗ್ಗು ಮೂಲೆ ಬೇಡವೇ ಬೇಡ. ದಿನವೆಲ್ಲ ಬಿಸಿಲು ಬೀಳೋ ಕಲ್ಲು ಅಥವಾ ಇಟ್ಟಿಗೆ ಗೋಡೆ ಪಕ್ಕ ಇದ್ರೆ (ಉತ್ತರಾರ್ಧಗೋಳದಲ್ಲಿ ಅಂದ್ರೆ ದಕ್ಷಿಣಕ್ಕೆ ಮುಖ ಮಾಡಿರೋ ಗೋಡೆ) ಅದು ಹೀರ್ಕೊಂಡಿದ್ದ ಬಿಸಿನ ರಾತ್ರಿ ವಾಪಸ್ ಬಿಡತ್ತೆ. ಹೆದರಬೇಕಾಗಿರೋದು ಮೋಡ ಇಲ್ಲದ, ಗಾಳಿ ಅಲ್ಲಾಡದ ರಾತ್ರಿಗಳಿಗೆ. ಅಂಥ ದಿನ ಬಟ್ಟೆ ಹೊದಿಸ್ತೀನಿ, ಆದ್ರೆ ಕಾಂಡಕ್ಕೆ ಸುತ್ತಿ ಕಟ್ಟಲ್ಲ. ಬಿಸಿ ಬರೋದು ನೆಲದಿಂದ ತಾನೇ, ಅದಕ್ಕೇ ಬಟ್ಟೆ ಡೇರೆ ಥರ ನೆಲ ಮುಟ್ಟಬೇಕು. ಒಳಗೊಂದು ಹಳೇ ಕಾಲದ ಫಿಲಮೆಂಟ್ ಬಲ್ಬ್, ಬಟ್ಟೆಗೆ ತಾಗದ ಹಾಗೆ. ಎಲ್‌ಇಡಿ ಹಾಕಿ ಬೆಳಗಾಗೋವರೆಗೂ ಕಾದಿದ್ದೂ ಇದೆ, ಬೆಳಕು ಚೆನ್ನಾಗಿತ್ತು ಅಷ್ಟೇ, ಬಿಸಿ ಬರ್ಲಿಲ್ಲ!

ಎರಡನೇ ಮಾವು ಕಸಿ ಗಿಡ, ಅಂದ್ರೆ ಯಾವ್ದೋ ಮಾವಿನ ಬೇರಿನ ಮೇಲೆ ಒಳ್ಳೆ ತಳಿಯ ಕೊಂಬೆ ಕೂಡಿಸಿದ್ದು. ಮೈನಸ್ 2 ಡಿಗ್ರಿಗೆ ಮೇಲೆಲ್ಲ ಕಪ್ಪಾಯ್ತು. ಕತ್ತರಿ ತಗೊಳ್ಳೋಕೆ ಕೈ ತುರಿಸ್ತಿತ್ತು ಆದ್ರೂ ವಸಂತದವರೆಗೂ ಮುಟ್ಲಿಲ್ಲ, ಯಾಕಂದ್ರೆ ಎಲ್ಲಿವರೆಗೆ ಸತ್ತಿದೆ ಅನ್ನೋದು ಮೊದಲೇ ಗೊತ್ತಾಗಲ್ಲ. ಉಗುರಲ್ಲಿ ತೊಗಟೆ ಕೆರೆದು ನೋಡ್ತಿದ್ದೆ, ಮೇಲೆ ಕಂದು, ಇನ್ನೂ ಕೆಳಗೆ ಬಂದ್ರೂ ಕಂದು, ಕಸಿ ಗಂಟಿನ (ಎರಡೂ ಕೂಡಿರೋ ಜಾಗ) ಮೇಲೆ ನಾಲ್ಕು ಬೆರಳಷ್ಟು ಮಾತ್ರ ಹಸಿರು. ಚಳಿಗಾಲಕ್ಕೆ ಮುಂಚೆ ಆ ಗಂಟು ಮುಚ್ಚೋ ಹಾಗೆ ಒಣ ಮರಳು ಏರಿಸಿದ್ದೆ, ಅಷ್ಟೇ ಉಳಿದಿದ್ದು. ಅದಿಲ್ದಿದ್ರೆ ಚಿಗುರು ಗಂಟಿನ ಕೆಳಗಿಂದ ಬಂದು, ಯಾವ್ದೋ ಕಾಡು ಮಾವು ಸಾಕ್ಬೇಕಾಗ್ತಿತ್ತು.

ಬಾಳೆ ಕಥೆ ಬೇರೆ, ಎಲೆ ಸುಟ್ಟರೂ ಗೆಡ್ಡೆ ನೆಲದಡಿ ಬದುಕಿರತ್ತೆ. ಆದ್ರೆ ಪ್ರತಿ ವರ್ಷ ಕೆಳಗಿಂದಾನೇ ಶುರು ಮಾಡಿದ್ರೆ ಗೊನೆ ಬಿಡೋಕೆ ಟೈಮೇ ಸಾಲಲ್ಲ, ಕಾಂಡ ಉಳಿಸ್ಕೋಬೇಕು.

ಮಾವು ಈಗ ನನ್ನೆತ್ತರ. ಇನ್ನೂ ಚಳಿ ಇರೋವಾಗ್ಲೇ ಹೂಗೊಂಚಲು ಬಿಟ್ಟಿತ್ತು. ಈ ಚಳಿಗೆ ಕಾಯಿ ಕಚ್ಚಲ್ಲ, ಈಗ ಮುರಿದ್ರೆ ಬೆಚ್ಚಗಾದ್ಮೇಲೆ ಇನ್ನೊಂದ್ಸಲ ಹೂ ಬಿಡೋ ಚಾನ್ಸ್ ಇದೆ ಅಂತ ಎಲ್ಲಾ ಮುರಿದು ಹಾಕ್ದೆ. ಒಂದನ್ನ ಮಾತ್ರ ಮನಸ್ಸು ಬರದೆ ಬಿಟ್ಟಿದೀನಿ.