ಹಗೇವು ತೆರೆದ ಮನೆ

ನಮ್ಮ ಮನೆಯಲ್ಲಿ ಅಜ್ಜನ ಅಜ್ಜನ ಬಗ್ಗೆ ಇದ್ದದ್ದು ಒಂದೇ ಕತೆ. ನವಲಗುಂದದಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ, ಕುಮಟಾ ಬಂದರಿನಲ್ಲಿ ಅವನ ಹತ್ತಿ ತುಂಬಿದ ಹಡಗು ಮುಳುಗಿತು, ಮನೆ ಬಡವಾಯಿತು. ಅಷ್ಟೇ. ಯಾವ ವರ್ಷ, ಎಷ್ಟು ಹತ್ತಿ, ಯಾರೂ ಹೇಳುತ್ತಿರಲಿಲ್ಲ. ಅವನ ಹೆಂಡತಿಯ ಬಗ್ಗೆಯಂತೂ ಒಂದು ಮಾತೂ ಇಲ್ಲ. ಈ ಸಲ ಹೋಳಿ ಹುಣ್ಣಿಮೆ ಹೊತ್ತಿಗೆ ನವಲಗುಂದಕ್ಕೆ, ಅಲ್ಲಿಂದ ಕುಮಟಾಕ್ಕೆ ಹೋಗಿಬಂದೆ. ಈಗ ಆ ಹಡಗಿಗಿಂತ ಆ ಹೆಂಗಸೇ ತಲೆಯಲ್ಲಿ ಕೂತುಬಿಟ್ಟಿದ್ದಾಳೆ.

ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬಸ್ಸು ಬೇಕಾದಷ್ಟಿವೆ. ದಾರಿಯುದ್ದಕ್ಕೂ ಎರೆ ಹೊಲ. ಸುಗ್ಗಿ ಮುಗಿದು ನೆಲ ಬಿರುಕು ಬಿಟ್ಟಿತ್ತು. ಊರಲ್ಲಿ ರಾಮಲಿಂಗ ಕಾಮಣ್ಣನಿಗೆ ಹರಕೆ ತೀರಿಸಲು ಬಂದವರ ಗದ್ದಲ. ಮಗು ಬೇಕು, ನೌಕರಿ ಬೇಕು, ಮದುವೆ ಆಗಬೇಕು ಅಂತ ಬೇಡಿಕೊಂಡವರು ಎಲ್ಲೆಲ್ಲಿಂದಲೋ ಬಂದಿದ್ದರು. ನಾನು ದರ್ಶನ ಮಾಡಿಕೊಂಡು ಸೀದಾ ಕಾಕಾನ ಮನೆಗೆ ಹೋದೆ. ಮಣ್ಣಿನ ಮಾಳಿಗೆಯ ಹಳೇ ಮನೆ. ಕಾಕು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಬಡಿಸಿದಳು. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ಊಟ ಅಂತ ಬೋರ್ಡು ಹಾಕಿ ಕೊಡುವ ಒಣ ರೊಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ಮರುದಿನ ಬೆಳಿಗ್ಗೆ ಹೆಳವರು ಬಂದರು.

ಗೊತ್ತಿಲ್ಲದವರಿಗೆ ಹೇಳಬೇಕು. ಹೆಳವರು ಮನೆತನಗಳ ವಂಶಾವಳಿ ಒಪ್ಪಿಸುವವರು. ಸುಗ್ಗಿ ಆದಮೇಲೆ ತಮ್ಮ ಪಾಲಿಗೆ ಬಂದ ಊರು, ಮನೆಗಳಿಗೆ ಹೋಗಿ, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಮನೆಯವರು ಜೋಳ, ಬಟ್ಟೆ, ದುಡ್ಡು ಕೊಟ್ಟು ಕಳಿಸುತ್ತಾರೆ. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಈ ಅಜ್ಜ ಮೊಮ್ಮಗನ ಟಂಟಂನಲ್ಲಿ ಬಂದಿಳಿದರು. ಕೈಯಲ್ಲಿ ಗಂಟೆ, ಬಗಲಲ್ಲಿ ರಟ್ಟಿನ ಪುಸ್ತಕ. ಆದರೆ ಪುಸ್ತಕ ಬಿಚ್ಚಲೇ ಇಲ್ಲ. ಕಟ್ಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ನಮ್ಮ ಮನೆಯವರ ಹೆಸರುಗಳನ್ನು ರಾಗವಾಗಿ ಹೇಳುತ್ತಾ ಹೋದರು. ಯಾರು ಯಾವ ಊರಿನಿಂದ ಹೆಣ್ಣು ತಂದರು, ಯಾವ ಮಗಳನ್ನು ಗದಗಕ್ಕೆ ಕೊಟ್ಟರು, ಎಲ್ಲಾ ಬಂತು. ನಮ್ಮ ಅಜ್ಜನ ಅಜ್ಜನ ಹೆಸರು ಬಂದ ಕೂಡಲೇ ಒಂದು ಮಾತು ಸೇರಿಸಿದರು: "ಹಗೇವು ತೆರದಾಕಿ ಗಂಡ." ಹಗೇವು ಅಂದರೆ ಕಾಳು ತುಂಬಿಡುವ ನೆಲದ ಗುಂಡಿ.

ನಾನು ತಡೆದು ಕೇಳಿದೆ. "ಅಜ್ಜಾರ, ಅವ್ರದು ಹಡಗ ಮುಳುಗಿತ್ತಂತಲ್ರಿ?"

"ಹಂಗಂತ ಯಾರ ಹೇಳಿದ್ರು ತಮ್ಮಾ?"

"ಮನ್ಯಾಗ ಎಲ್ಲಾರೂ ಹೇಳ್ತಾರ್ರಿ."

"ನಮ್ಮ ಬಾಯಾಗ ಹಡಗ ಇಲ್ಲ. ಹತ್ಯಾಗ ಸೋತ, ಹತ್ತಿ ಬಿಟ್ಟ, ಜ್ವಾಳ ಹಿಡದ. ಅಷ್ಟ ಐತಿ. ಮುಂದಿನ ಕತಿ ಎಲ್ಲಾ ಆಕೀದು."

ಆಮೇಲೆ ಅವರು ನಿಧಾನಕ್ಕೆ ಹೇಳಿದರು. ಧಾತು ಸಂವತ್ಸರದಲ್ಲಿ ಮಳೆ ಹೋಯಿತು. ಅದೇ ವರ್ಷ ಅವನೂ ತೀರಿಕೊಂಡ. ಈಶ್ವರ ಸಂವತ್ಸರಕ್ಕೆ ಊರಲ್ಲಿ ಕಾಳೇ ಇಲ್ಲ. ಇದು ನಾವೆಲ್ಲ ಓದಿದ 1876–78ರ ಬರ. ಬ್ರಿಟಿಷರ ಆಳ್ವಿಕೆಯ ಸೀಮೆಯಲ್ಲೇ ಸುಮಾರು 55 ಲಕ್ಷ ಜನ ಸತ್ತರು ಅನ್ನುವ ಅಂದಾಜಿದೆ. ಹಿತ್ತಲಿನಲ್ಲಿ ಎರಡು ಹಗೇವು ಇದ್ದವಂತೆ. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು ಮಣ್ಣು ಮೆತ್ತಿ ಮುಚ್ಚುತ್ತಿದ್ದ ಗುಂಡಿಗಳು. ಹಾಗೆ ಮುಚ್ಚಿಟ್ಟರೆ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗೆ ಉಸಿರಾಡಲು ಗಾಳಿ ಇರುವುದಿಲ್ಲ. ಮೊದಲು ದೀಪ ಇಳಿಸಿ, ಅದು ಆರದೇ ಉರಿದರೆ ಮಾತ್ರ ಆಳು ಇಳಿಯಬೇಕು. ದರ ಇನ್ನೂ ಏರುತ್ತದೆ, ಈಗಲೇ ತೆಗೆಯಬೇಡ ಅಂತ ಮೈದುನರು ಹೇಳಿದರಂತೆ. ಆಕೆ ಕೇಳಲಿಲ್ಲ. ಆಳು ಕರೆಸಿ ಮೊದಲನೇ ಹಗೇವು ತೆರೆಸಿದಳು.

"ಪುಕ್ಕಟ ಕೊಟ್ಳೇನ್ರಿ?" ಅಂದೆ.

"ಪುಕ್ಕಟ ಯಾಕ? ಆಕಿ ಸಾವ್ಕಾರ ಮನಿ ಹೆಣ್ಮಗಳು. ಉದ್ರಿ ಕೊಟ್ಳು. ಬಡ್ಡಿ ಹಚ್ಚಲಿಲ್ಲ. ಜ್ವಾಳ ಅಳೆಯೂ ಮುಂದ ತಾನ ನಿಂತು ಅಳೆಸಿದ್ಲು, ಒಂದ ಸೇರ ಹೆಚ್ಚಿಲ್ಲ, ಒಂದ ಸೇರ ಕಡಿಮಿಲ್ಲ. ನಮ್ಮ ಹಿರ್ಯಾರೂ ಆ ಜ್ವಾಳ ಉಂಡಾರ. ಅದಕ್ಕ ಈ ಊರಿಗೆ ಬಂದ್ರ ನಾವು ಮೊದಲ ಬರೂದು ಈ ಮನಿಗೇ."

ಕಾಕಾ ಎದ್ದು ನಿಂತ. "ಬಾ, ಒಂದು ತೋರಿಸ್ತೀನಿ," ಅಂತ ಹಿಂದಿನ ಕಾಳಿನ ಕೋಣೆಗೆ ಕರೆದುಕೊಂಡು ಹೋದ. ಬಾಗಿಲ ಹಿಂದಿನ ಗೋಡೆ. ಬಾಗಿಲು ಯಾವಾಗಲೂ ಅದಕ್ಕೆ ಒರಗಿಕೊಂಡೇ ಇರುವುದರಿಂದ ಸುಣ್ಣ ಅಲ್ಲಿಗೆ ಅಷ್ಟಾಗಿ ತಲುಪಿಲ್ಲ. ಮೊಬೈಲ್ ಟಾರ್ಚು ಹಿಡಿದ. ಕೆಮ್ಮಣ್ಣಿನ ಚುಕ್ಕೆಗಳು. ಬೆರಳು ಅದ್ದಿ ಒತ್ತಿದ್ದು. ಐದೈದರ ಗುಂಪು, ಸಾಲು ಸಾಲಾಗಿ, ನನ್ನ ಎದೆಯ ಮಟ್ಟದಿಂದ ಮೊಣಕಾಲಿನವರೆಗೆ. ಪ್ರತಿ ಸಾಲಿನ ಮೊದಲಿಗೆ ಒಂದು ಗುರುತು: ಒಂದು ಕಡೆ ಕುಡಗೋಲು, ಒಂದು ಕಡೆ ಮಗ್ಗದ ಲಾಳಿಯಂಥದ್ದು, ಒಂದು ಕಡೆ ಗಡಿಗೆ. ಓದು ಬಾರದ ಹೆಂಗಸು ಇಟ್ಟ ಖಾತೆ. ಯಾರ ಮನೆಗೆ ಎಷ್ಟು ಸೇರು ಹೋಯಿತು ಅಂತ.

ಕೆಲವು ಸಾಲುಗಳ ಮೇಲೆ ಅಡ್ಡ ಗೀರು ಇತ್ತು. ಜೋಳ ಮರಳಿ ಬಂದದ್ದು ಅವು. ಗೀರು ಇಲ್ಲದ ಸಾಲುಗಳೇ ಜಾಸ್ತಿ. ಗಡಿಗೆಯ ಸಾಲಿಗೆ ಗೀರಿಲ್ಲ. ಲಾಳಿಯ ಸಾಲಿಗೆ ಅರ್ಧ ಮಾತ್ರ. ಆ ಮನೆಗಳವರು ಊರು ಬಿಟ್ಟರೋ, ಉಳಿದೇ ಇಲ್ಲವೋ. ನಾನು ಆ ಚುಕ್ಕೆಗಳ ಮೇಲೆ ಬೆರಳಿಟ್ಟು ನೋಡಿದೆ. ನನ್ನ ಬೆರಳಿಗಿಂತ ಸಣ್ಣವು. ಗಂಟಲು ಕಟ್ಟಿತು, ಕಾಕಾನ ಜೊತೆ ತುಂಬಾ ಹೊತ್ತು ಮಾತಾಡಲಿಲ್ಲ.

ಆಕೆಗೆ ಆರು ಮಕ್ಕಳು, ಬರ ಮುಗಿಯುವಾಗ ಮೂವರು ಉಳಿದಿದ್ದರು. ಊರಿಗೆಲ್ಲ ಕಾಳು ಅಳೆದ ಮನೆಯಲ್ಲೂ ಜ್ವರ, ವಾಂತಿಭೇದಿ ಬಿಡಲಿಲ್ಲ. ಹಿರಿಯ ಮಗ ಅಂಗಡಿ ನೋಡಿಕೊಂಡ. ಕಿರಿಯವನು ಮುಂದೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಸೇರಿದ, ನಮ್ಮ ಕವಲು ಅವನದೇ. ಮಗಳು ಗದಗದಲ್ಲಿ. ಇದೆಲ್ಲ ಹೆಳವಜ್ಜ ಹೇಳಿದ್ದು.

ಆದರೂ ಹತ್ತಿಯಲ್ಲಿ ಸೋತದ್ದು ಹೇಗೆ ಅನ್ನೋದು ನನಗೆ ಬೇಕಿತ್ತು. ಅದಕ್ಕೇ ಕುಮಟಾ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಹೋಗುತ್ತಿದ್ದದ್ದು ಅಲ್ಲಿಗೇ. ಇಲ್ಲಿನ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಹತ್ತಿ ಅಂತಲೇ ಹೆಸರಿತ್ತು.

ಮುಂಡಗೋಡ, ಶಿರಸಿ ದಾಟಿದ್ದರ ಬಗ್ಗೆ ಹೇಳುವಂಥದ್ದೇನಿಲ್ಲ. ದೇವಿಮನೆ ಘಟ್ಟದ ಬಗ್ಗೆ ಮಾತ್ರ ಹೇಳಲೇಬೇಕು. ಬಾಡಿಗೆ ಕಾರಿನ ಚಾಲಕ ಮೊಬೈಲ್ ನಕ್ಷೆಯಲ್ಲಿ ದಾರಿ ತೆರೆದಿದೆ ಅಂತ ಹಟ ಹಿಡಿದ. ಶಿರಸಿಯಲ್ಲಿ ಯಾರನ್ನೂ ಕೇಳಲು ಬಿಡಲಿಲ್ಲ. ಘಟ್ಟದ ತಲೆಗೆ ಹೋದರೆ ಜಲ್ಲಿ ಗುಡ್ಡೆ, ಅಡ್ಡ ಕಟ್ಟಿದ ಹಗ್ಗ. ವಾಪಸ್ ಶಿರಸಿ, ಅಲ್ಲಿಂದ ಸಿದ್ದಾಪುರ, ದೊಡ್ಡಮನೆ ಘಟ್ಟ. ಅರ್ಧ ದಿನ ಹೋಯಿತು, ಮೇಲೆ ಹೆಚ್ಚುವರಿ ಕಿಲೋಮೀಟರಿನ ದುಡ್ಡನ್ನೂ ನನ್ನಿಂದಲೇ ವಸೂಲು ಮಾಡಿದ. ಈಗಲೂ ಸಿಟ್ಟು ಬರುತ್ತದೆ. ಆ ಕಡೆ ಹೋಗುವವರು ಹೊರಡುವ ದಿನವೇ ಶಿರಸಿಯಲ್ಲಿ ಲಾರಿಯವರನ್ನೋ ಬಸ್ಸಿನವರನ್ನೋ ಕೇಳಿ. ನಕ್ಷೆ ನಂಬಬೇಡಿ. ಮಳೆಗಾಲದಲ್ಲಂತೂ ಕೇಳದೇ ಹೋಗಲೇಬೇಡಿ. ದಾರಿ ಬದಲಾದರೆ ಬಾಡಿಗೆ ಯಾರು ಕೊಡಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ.

ಕುಮಟಾದಲ್ಲಿ ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯ ಜಡೆಗಳು ನೇತಾಡುತ್ತಿದ್ದವು. ಒಂದು ಜಡೆ ತೆಗೆದುಕೊಂಡೆ. ಹಸಿಯಾಗಿ ತಿಂದರೂ ಕಣ್ಣಲ್ಲಿ ನೀರಿಲ್ಲ. ಜನ ಗೋಕರ್ಣದ ಬೀಚಿಗೆ ಓಡುವ ಅವಸರದಲ್ಲಿ ಈ ಊರನ್ನು ಕಾರಿನ ಕಿಟಕಿಯಲ್ಲೇ ಮುಗಿಸುತ್ತಾರೆ. ನನಗೆ ಆ ಗದ್ದಲದ ಬೀಚಿಗಿಂತ ಇಲ್ಲಿನ ಹೆಡ್ ಬಂದರಿನ ಬಂಡೆಗಳೇ ಇಷ್ಟವಾದವು.

ಪೇಟೆಯಲ್ಲಿ ಅಡಿಕೆ ವ್ಯಾಪಾರದ ಹಿರಿಯರೊಬ್ಬರು ಚಹಾ ತರಿಸಿ ಕೂರಿಸಿದರು. ಅವರ ಹಿಂದಿನವರು ಹತ್ತಿ ದಲಾಲಿಗಳು. 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತದ್ದು, ಲ್ಯಾಂಕಾಶೈರ್ ಗಿರಣಿಗಳು ನಮ್ಮ ಹತ್ತಿಗೆ ಬಾಯಿ ಬಿಟ್ಟದ್ದು, ದರ ಮುಗಿಲಿಗೆ ಹೋದದ್ದು, ಎಲ್ಲಾ ಅವರಿಗೆ ಬಾಯಿಪಾಠ. ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದೂ ಅದೇ ಕಾಲದಲ್ಲಿ, 1862ರಲ್ಲಿ. ಹತ್ತಿ ಸಾಗಿಸಲು ಮುಂಬಯಿಯವರಿಗೆ ಈ ಕರಾವಳಿ ಬೇಕಿತ್ತು.

"ಮಳೆಗಾಲದಲ್ಲಿ ಬಂದರು ಬಂದ್," ಅಂದರು. "ಅದರೊಳಗೆ ಮಾಲು ದಾಟಿಸಬೇಕು ಅಂತ ಎಲ್ಲರೂ ಸಾಲ ಮಾಡಿ ಖರೀದಿ ಮಾಡಿಟ್ಟಿದ್ದರು. 1865ರಲ್ಲಿ ಯುದ್ಧ ಮುಗೀತು. ದರ ಬಿತ್ತು. ಮುಂಬಯಿಯಲ್ಲಿ ಹತ್ತಿಯ ದೊಡ್ಡ ಸಾಹುಕಾರ ಪ್ರೇಮಚಂದ ರಾಯಚಂದನಂಥವನೇ ಬಿದ್ದ. ಆ ವರ್ಷ ಹಡಗು ಮುಳುಗದೇ ಇದ್ದವರೂ ಮುಳುಗಿದರು ನೋಡಿ."

1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, ಹತ್ತಿ ಗೋವಾದ ಮುರ್ಮುಗೋವಾ ಬಂದರಿನ ಕಡೆ ತಿರುಗಿದ ಮೇಲೆ ಕುಮಟಾ ಪೇಟೆಯೂ ಬಡವಾಯಿತು. ನಮ್ಮವನು ಅಷ್ಟರೊಳಗೆ ಜೋಳಕ್ಕೆ ಇಳಿದಿದ್ದ. ಹತ್ತಿಯಲ್ಲಿ ಗೆದ್ದಿದ್ದರೆ ಆ ಹಗೇವುಗಳಲ್ಲಿ ಅಷ್ಟು ಜೋಳ ಇರುತ್ತಿರಲಿಲ್ಲ ಅಲ್ವಾ?

ಅಲ್ಲಿಂದಲೇ ಕಾಕಾನಿಗೆ ಫೋನ್ ಮಾಡಿದೆ. ಯುಗಾದಿಗೆ ಸುಣ್ಣ ಹೊಡೆಯುವವರನ್ನು ಆಗಲೇ ಗೊತ್ತು ಮಾಡಿದ್ದ. ಆ ಒಂದು ಗೋಡೆ ಬಿಡು ಅಂದೆ. "ಅದನ್ನ ಮುಟ್ಟಿಸೂದಿಲ್ಲೋ," ಅಂದ. ಸಾಲು ಸಾಲಾಗಿ ಫೋಟೋ ತೆಗೆದು ಇಟ್ಟಿದ್ದೇನೆ. ಆಕೆಯ ತವರು ಹಾನಗಲ್ಲಂತೆ. ಆ ಮನೆತನದ ಹೆಳವರು ಬೇರೆ, ಅವರು ಬರುವುದು ದೀಪಾವಳಿ ಕಳೆದ ಮೇಲೆ. ಆಗ ಹಾನಗಲ್ಲಿಗೆ ಹೋಗುತ್ತೇನೆ.