ಸಿಲೋನಿನ ನಾಲ್ಕನೆಯ ಡ್ಯಾಶ್

ಕಳೆದ ವಾರ ಸಂಜೆ ಏಳೂಕಾಲಿಗೆ ಊರಿನ ಕರೆಂಟ್ ಹೋಯಿತು. ಮಳೆಯಿರಲಿಲ್ಲ, ಗುಡುಗಿರಲಿಲ್ಲ, ಎಲ್ಲೋ ಲೈನಿನ ಮೇಲೆ ಮರದ ಕೊಂಬೆ ಬಿದ್ದಿರಬೇಕು. ನಾನು ಇನ್ವರ್ಟರನ್ನೂ ಆರಿಸಿ ಮಾಳಿಗೆ ಹತ್ತಿದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲ ಸೇರಿ ಎಬ್ಬಿಸುವ ಗರಗರ ಸದ್ದು ನನ್ನ ರೇಡಿಯೊದಲ್ಲಿ ದಿನವೂ ತುಂಬಿರುತ್ತದೆ. ಕರೆಂಟ್ ಹೋದ ಕೂಡಲೇ ಅದು ನಿಂತು, ಕೆಸರು ಕೆಳಗಿಳಿದ ಬಾವಿಯ ನೀರಿನಂತೆ ಬ್ಯಾಂಡ್ (ನಾವು ಕೇಳುವ ಆವರ್ತನಗಳ ಹರವು) ತಿಳಿಯಾಗುತ್ತದೆ. ಶಿರಸಿ ಸೀಮೆಯ ಹಳ್ಳಿಯಲ್ಲಿ ಹ್ಯಾಮ್ ರೇಡಿಯೊ, ಅಂದರೆ ಪರವಾನಗಿ ಪಡೆದ ಹವ್ಯಾಸಿಗಳು ತಮ್ಮೊಳಗೆ ಮಾತನಾಡುವ ರೇಡಿಯೊ, ನಡೆಸುವವಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ.

ಕಿವಿಗೆ ಹೆಡ್‌ಫೋನ್ ಹಾಕಿ 14.100 ಮೆಗಾಹರ್ಟ್ಸ್‌ಗೆ ತಿರುಗಿಸಿದೆ. ಉತ್ತರ ಕ್ಯಾಲಿಫೋರ್ನಿಯಾದ ಡಿಎಕ್ಸ್ ಫೌಂಡೇಶನ್ ಮತ್ತು ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟ ಸೇರಿ ನಡೆಸುವ ಬೀಕನ್‌ಗಳ, ಅಂದರೆ ಎಲ್ಲಿಗೆ ದಾರಿ ತೆರೆದಿದೆ ಎಂದು ತಿಳಿಯಲು ತಾವಾಗಿಯೇ ಸಂಕೇತ ಕಳಿಸುವ ನಿಲ್ದಾಣಗಳ, ಜಾಗ ಅದು. ಜಗತ್ತಿನ 18 ಕಡೆಗಳಲ್ಲಿ ಇರುವ ಈ ಬೀಕನ್‌ಗಳು ಸರದಿಯಂತೆ ಹತ್ತತ್ತು ಸೆಕೆಂಡು ಮಾತನಾಡುತ್ತವೆ; ಮೂರು ನಿಮಿಷಕ್ಕೆ ಒಂದು ಸುತ್ತು. ಪ್ರತಿಯೊಂದೂ ಚುಕ್ಕೆ-ಗೆರೆಗಳ ಮೋರ್ಸ್‌ನಲ್ಲಿ ತನ್ನ ಕರೆಸಂಕೇತ, ಅಂದರೆ ನಿಲ್ದಾಣದ ಗುರುತು, ಹೇಳಿ, ನಂತರ ನಾಲ್ಕು ಉದ್ದನೆಯ ಡ್ಯಾಶ್ ಕಳಿಸುತ್ತದೆ. ಕರೆಸಂಕೇತ ಮತ್ತು ಮೊದಲ ಡ್ಯಾಶ್ 100 ವ್ಯಾಟ್‌ನಲ್ಲಿ, ಎರಡನೆಯದು 10ರಲ್ಲಿ, ಮೂರನೆಯದು 1ರಲ್ಲಿ, ನಾಲ್ಕನೆಯದು ಕೇವಲ 0.1 ವ್ಯಾಟ್‌ನಲ್ಲಿ. ನಮ್ಮಂತೆ ಐದು ವ್ಯಾಟ್‌ನಲ್ಲಿ, ಅಂದರೆ ಕ್ಯೂಆರ್‌ಪಿಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ನಂಬಿಕೆಯ ಅಳತೆಗೋಲು ಸಿಗಲಾರದು. ಮೂರನೆಯ ಡ್ಯಾಶ್ ನನಗೆ ಕೇಳಿಸಿದರೆ, ಅಲ್ಲಿನ ಆಂಟೆನಾವೂ ಗದ್ದಲವೂ ಹೆಚ್ಚುಕಡಿಮೆ ನಮ್ಮಂತೆಯೇ ಇದ್ದಾಗ, ನನ್ನ ಐದು ವ್ಯಾಟ್ ಅವರಿಗೂ ಕೇಳಿಸಲೇಬೇಕು.

ಅಂದು ಕೊಲಂಬೊದ 4ಎಸ್7ಬಿ ಬಂತು. ಒಂದು, ಎರಡು, ಮೂರು. ಉಸಿರು ಬಿಗಿಹಿಡಿದು ಕುಳಿತೆ. ನೂಲಿನೆಳೆಯಷ್ಟು ತೆಳ್ಳಗೆ ನಾಲ್ಕನೆಯದೂ ಬಂತು. ನಮ್ಮ ಮನೆಯಿಂದ ಕೊಲಂಬೊ ನೇರವಾಗಿ ಸುಮಾರು ಸಾವಿರ ಕಿಲೋಮೀಟರ್.

ಅತ್ತೆಗೆ ಇದನ್ನು ಹೇಳಲು ಕೆಳಗೆ ಹೋದೆ. ಅವರಿಗೆ ಈಗ ಎಂಬತ್ತೆರಡು. "ಸಿಲೋನ್ ಸಿಕ್ಕಿತೇ?" ಎಂದು ಕೇಳಿದರು. ಅವರಿಗೆ ಅದು ಇಂದಿಗೂ ಸಿಲೋನ್. ಮದುವೆಯಾಗಿ ಬಂದ ಕಾಲದಲ್ಲಿ ಹಲಸಿನ ಮರಕ್ಕೆ ಏರಿಯಲ್ ಕಟ್ಟಿದ ವಾಲ್ವ್ ರೇಡಿಯೊದಲ್ಲಿ ಅವರು ಸಿಲೋನ್ ಸ್ಟೇಷನ್ನಿನ ಹಾಡು ಕೇಳುತ್ತಿದ್ದರು. ಬಿಸಿಲಿರುವಾಗ ಮುಳ್ಳನ್ನು 25 ಮೀಟರಿಗೆ ಇಡಬೇಕು, ಕತ್ತಲಾದ ಮೇಲೆ 41ಕ್ಕೆ ಎಂಬುದು ಅವರಿಗೆ ಬಾಯಿಪಾಠ. ನಾನು ಪರವಾನಗಿ ಪರೀಕ್ಷೆಗೆ ಪುಸ್ತಕ ನೋಡಿ ಕಲಿತದ್ದನ್ನು ಅವರು ಅಡುಗೆಮನೆಯಲ್ಲಿ ನಿಂತು ಕಲಿತಿದ್ದರು.

ಹಗಲಿನಲ್ಲಿ ಸೂರ್ಯನ ಕಿರಣಗಳು ಮೇಲಿನ ಗಾಳಿಯನ್ನು ಅಯಾನುಗಳಾಗಿ ಒಡೆಯುತ್ತವೆ. ಅರವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದ ಡಿ ಪದರ ರೇಡಿಯೊ ಅಲೆಯನ್ನು ಹಿಂದಿರುಗಿಸುವುದಿಲ್ಲ, ಹೀರುತ್ತದೆ. ಆವರ್ತನ ಕಡಿಮೆಯಾದಷ್ಟೂ ಹೀರುವುದು ಹೆಚ್ಚು: 14 ಮೆಗಾಹರ್ಟ್ಸ್‌ಗೆ ಹೋಲಿಸಿದರೆ 7 ಮೆಗಾಹರ್ಟ್ಸ್‌ನಲ್ಲಿ ಸುಮಾರು ನಾಲ್ಕು ಪಟ್ಟು. ಆದ್ದರಿಂದ ಮಧ್ಯಾಹ್ನ 40 ಮೀಟರ್, ಅಂದರೆ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ನನಗೆ ಸಿಗುವುದು ಬೆಂಗಳೂರು, ಹುಬ್ಬಳ್ಳಿ, ಮಂಗಳೂರು. ಹತ್ತು ಮೀಟರ್ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿದ ಡೈಪೋಲ್ ಎಂಬ ತಂತಿ ಆಂಟೆನಾ ಅಲೆಯನ್ನು ನೇರ ಮೇಲಕ್ಕೆ ಎಸೆಯುತ್ತದೆ, ಅದು ಇನ್ನೂ ಮೇಲಿರುವ, ಅಲೆಯನ್ನು ಬಗ್ಗಿಸಿ ಹಿಂದಿರುಗಿಸುವ ಎಫ್ ಪದರ ಮುಟ್ಟಿ ಕೊಡೆಯಂತೆ ಸುತ್ತಲೂ ಇಳಿಯುತ್ತದೆ. ಘಟ್ಟದ ಗುಡ್ಡಗಳು ಅಡ್ಡ ಬರುವುದೇ ಇಲ್ಲ. ಸೂರ್ಯ ಮುಳುಗಿದ ಮೇಲೆ ಡಿ ಪದರ ಕರಗುತ್ತದೆ, ಅದೇ ತಂತಿಯಲ್ಲಿ ದೂರದ ದೇಶಗಳು ಏಳುತ್ತವೆ. ಆದರೆ ಏಪ್ರಿಲ್, ಮೇ ತಿಂಗಳ ರಾತ್ರಿ ಸಿಡಿಲಿನ ಚಟಚಟ ಇಡೀ ಬ್ಯಾಂಡನ್ನು ತಿನ್ನುತ್ತದೆ. ಆಗ ಐದು ವ್ಯಾಟ್ ಹಿಡಿದು 40 ಮೀಟರಿನಲ್ಲಿ ಕೂರಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ.

28 ಮೆಗಾಹರ್ಟ್ಸ್ ಇದಕ್ಕೆ ಪೂರ್ತಿ ಬೇರೆ. ನನಗೆ ಅತ್ಯಂತ ಪ್ರೀತಿಯ ಬ್ಯಾಂಡ್ ಅದು. ಅಲ್ಲಿ ಕೊಲಂಬೊ ಸಾಮಾನ್ಯವಾಗಿ ಕೇಳಿಸುವುದಿಲ್ಲ, ಆಸ್ಟ್ರೇಲಿಯಾದ ಪರ್ತ್ ಕೇಳಿಸುತ್ತದೆ. ಮೊದಲು ಇದು ನನಗೆ ಅರ್ಥವಾಗಿರಲಿಲ್ಲ. ಹತ್ತಿರದ ಊರಿಗೆ ಅಲೆ ಕಡಿದಾಗಿ ಮೇಲೇರಿ ಕಡಿದಾಗಿ ಇಳಿಯಬೇಕು. ಅಷ್ಟು ಹೆಚ್ಚಿನ ಆವರ್ತನವನ್ನು ಆ ಕೋನದಲ್ಲಿ ಬಗ್ಗಿಸುವ ಬಲ ಎಫ್ ಪದರಕ್ಕಿಲ್ಲ, ಅಲೆ ಅದನ್ನು ತೂರಿ ಆಚೆ ಹೋಗುತ್ತದೆ. ಓರೆಯಾಗಿ ಸವರಿಕೊಂಡು ಹೋದ ಅಲೆ ಮಾತ್ರ ಬಾಗುತ್ತದೆ, ಬಹುದೂರ ಹೋಗಿ ಇಳಿಯುತ್ತದೆ. ಫೆಬ್ರವರಿಯ ಒಂದು ಮಧ್ಯಾಹ್ನ ಮೂರೂವರೆಗೆ 28.200ರಲ್ಲಿ ಪರ್ತ್‌ನ ಮೂರನೆಯ ಡ್ಯಾಶ್ ಸ್ಪಷ್ಟವಾಗಿತ್ತು. ಕೂಡಲೇ 28.060ಕ್ಕೆ ಹೋಗಿ ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ ಎಂದು ಕರೆದೆ. ನನ್ನ ಸೆಟ್ಟು ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಮೈಕ್ರೋ ಬಿಟ್‌ಎಕ್ಸ್. 2018ರಲ್ಲಿ ತರಿಸಿ ಪೆಟ್ಟಿಗೆಗೆ ಜೋಡಿಸಿಕೊಂಡದ್ದು. ಕೆಳಗಿನ ಬ್ಯಾಂಡ್‌ಗಳಲ್ಲಿ ಹತ್ತು ವ್ಯಾಟ್ ಕೊಡುವ ಅದು 28ರಲ್ಲಿ ಕೊಡುವುದು ಎರಡು ಮೂರು ವ್ಯಾಟ್ ಮಾತ್ರ. ಎರಡನೆಯ ಕರೆಗೇ ಪಶ್ಚಿಮ ಆಸ್ಟ್ರೇಲಿಯಾದಿಂದ ಉತ್ತರ ಬಂತು, 449 ಎಂಬ ವರದಿಯೊಡನೆ (ಸ್ಪಷ್ಟತೆ, ಬಲ, ಸ್ವರ ಇವುಗಳ ಅಂಕ). ಆರೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ತಂತಿಯ ಉದ್ದ ಐದು ಮೀಟರ್!

ತಂತಿ ಕಟ್ಟುವುದರ ಬಗ್ಗೆಯೂ ಹೇಳಬೇಕು. ಅಡಿಕೆಗೆ ಔಷಧಿ ಹೊಡೆಯಲು ನಾವು ಕಾರ್ಬನ್ ಫೈಬರ್ ದೋಟಿ ತಂದಿದ್ದೇವೆ. ಹಗುರ, ಎತ್ತರ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅದಕ್ಕೆ 20 ಮೀಟರ್ (14 ಮೆಗಾಹರ್ಟ್ಸ್) ಬ್ಯಾಂಡಿನ ತಂತಿಯನ್ನು ಉದ್ದಕ್ಕೂ ಟೇಪಿನಿಂದ ಸುತ್ತಿ ನಿಲ್ಲಿಸಿದರೆ ಎಸ್‌ಡಬ್ಲ್ಯುಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದಿದೆ ಎಂಬ ಅಳತೆ; ಒಂದಾದರೆ ಪೂರ್ತಿ ಹೊಂದಿಕೆ) ಮೂರಕ್ಕಿಂತ ಕೆಳಗಿಳಿಯಲೇ ಇಲ್ಲ. ಒಂದು ವಾರ ತಂತಿ ಕತ್ತರಿಸಿದೆ, ಸೇರಿಸಿದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ಅದರ ಮೈಗೆ ಅಂಟಿಸಿದ ತಂತಿ ತನ್ನಷ್ಟಕ್ಕೆ ತಾನು ಕೆಲಸ ಮಾಡಲಾರದು ಎಂಬುದು ಆಮೇಲೆ ಹೊಳೆಯಿತು. ಬಿದಿರಿಗೆ ಕಟ್ಟಿದೆ, 1.4ಕ್ಕೆ ಇಳಿಯಿತು. ಡೈಪೋಲನ್ನು ಮರದ ತುದಿಗೆ ಏರಿಸಿದ್ದು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ನಮ್ಮ ಕೊನೆಗೌಡ. "ಅಮ್ಮಾ, ಇದರಲ್ಲಿ ಕರೆಂಟ್ ಇರುತ್ತದೆಯೇ?" ಎಂದು ಮೇಲಿನಿಂದಲೇ ಕೇಳಿದ್ದ. ನಾನು ಕೆಳಗೆ ಇದ್ದಾಗ ಇಲ್ಲ, ಮಾಳಿಗೆಯಲ್ಲಿ ಕುಳಿತಾಗ ಇದೆ, ಆಗ ಮುಟ್ಟಬಾರದು ಎಂದೆ. ಅಂದಿನಿಂದ ಆ ಮರ ಹತ್ತುವ ಮೊದಲು ಅಂಗಳದಿಂದ ಕೂಗಿ ಕೇಳುತ್ತಾನೆ.

ನನ್ನ ಪರವಾನಗಿಯಲ್ಲಿ 400 ವ್ಯಾಟ್‌ವರೆಗೆ ಅವಕಾಶವಿದೆ. ಏಕೆ ದೊಡ್ಡ ಆಂಪ್ಲಿಫೈಯರ್ ಕೊಳ್ಳಬಾರದು ಎಂದು ಗೆಳೆಯರು ಕೇಳುತ್ತಾರೆ. 100ರಿಂದ ಐದಕ್ಕೆ ಇಳಿದರೆ ಕಳೆದುಕೊಳ್ಳುವುದು 13 ಡೆಸಿಬೆಲ್, ಅಂದರೆ ಸಂಕೇತದ ಬಲ ತೋರಿಸುವ ಮೀಟರಿನಲ್ಲಿ ಎರಡು ಎಸ್ ಮನೆಗಳಿಗಿಂತ ತುಸು ಹೆಚ್ಚು. ಬ್ಯಾಂಡ್ ತೆರೆದಿದ್ದರೆ ಅಷ್ಟನ್ನು ಕಿವಿ ತುಂಬಿಕೊಡುತ್ತದೆ. ಮುಚ್ಚಿದ್ದರೆ 400 ವ್ಯಾಟ್ ಕೂಡ ಬಾಗಿಲು ತೆಗೆಸುವುದಿಲ್ಲ. 2024ರ ಮೇ 11ರಂದು ಅದನ್ನು ಕಂಡೆ. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಭೂಕಾಂತ ಬಿರುಗಾಳಿಯ ಹೊತ್ತು. ಬೆಳಗ್ಗೆ 21.150ರಲ್ಲಿ ಮೂರು ಸುತ್ತು ಕಾದರೂ ಒಂದು ಬೀಕನ್ ಕೂಡ ಇಲ್ಲ. ಮೊದಲು ಕೇಬಲ್ ಪರೀಕ್ಷಿಸಿದೆ, ಆಮೇಲೆ ಸುದ್ದಿ ನೋಡಿದೆ.

ನಾವಿರುವ ಜಾಗವೂ ವಿಶೇಷವಾದದ್ದು. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆ ಹಾದುಹೋಗುತ್ತದೆ. 1963ರಲ್ಲಿ ಭಾರತದಿಂದ ಮೊದಲ ಬಾಹ್ಯಾಕಾಶ ಸಂಶೋಧನಾ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದು ಅದಕ್ಕಾಗಿಯೇ. ಅದರ ಸುತ್ತಮುತ್ತ ಸೂರ್ಯಾಸ್ತದ ನಂತರ ಎಫ್ ಪದರ ಕಲಕಿಹೋಗುತ್ತದೆ, ಗುಳ್ಳೆಗಳಂಥ ಪೊಳ್ಳುಗಳು ಏಳುತ್ತವೆ. ಮಾರ್ಚ್ ಮತ್ತು ಸೆಪ್ಟೆಂಬರಿನ ಸಂಜೆಗಳಲ್ಲಿ ದಕ್ಷಿಣದಿಂದ ಬರುವ ಮೋರ್ಸ್ ಸ್ವರ ನೀರಿನ ಮೇಲಿನ ದೀಪದ ನೆರಳಿನಂತೆ ನಡುಗುತ್ತದೆ. ಆ ನಡುಕವನ್ನು ಕೇಳುವುದೇ ನನಗೊಂದು ಸಂತೋಷ.

ಅಂದು ರಾತ್ರಿಯೂ ನಡುಕವಿತ್ತು. ಅತ್ತೆಗೆ ಸುದ್ದಿ ಹೇಳಿ ಮತ್ತೆ ಮಾಳಿಗೆ ಹತ್ತಿದೆ. ನಾಲ್ಕನೆಯ ಡ್ಯಾಶ್ ಕೇಳಿಸುವ ರಾತ್ರಿ ಐದು ವ್ಯಾಟ್ ಕೂಡ ಹೆಚ್ಚೆನಿಸಿತು. ಡ್ರೈವ್ ತಗ್ಗಿಸಿ ಅರ್ಧ ವ್ಯಾಟಿಗೆ ತಂದು 14.060ರಲ್ಲಿ ನಿಧಾನವಾಗಿ ಕರೆದೆ. ಐದನೆಯ ಕರೆಗೆ ಮಲೇಷ್ಯಾದ ಒಬ್ಬರು ಉತ್ತರಿಸಿದರು. ನನ್ನ ಕರೆಸಂಕೇತವನ್ನು ಸರಿಯಾಗಿ ಮರಳಿಸಿದರು, 339 ಕೊಟ್ಟರು. ನಾನು ವರದಿ ಕಳಿಸಿ, ಅರ್ಧ ವ್ಯಾಟ್ ಎಂದು ಎರಡು ಸಲ ಹೇಳಿದೆ. ಅವರು ಹೆಸರು ಕಳಿಸಲು ಶುರುಮಾಡಿದರು. ಎರಡು ಅಕ್ಷರ ಬರೆದುಕೊಂಡಿದ್ದೆ, ಕೆಳಗೆ ದೀಪಗಳು ಹೊತ್ತಿಕೊಂಡವು, ಹೆಡ್‌ಫೋನ್ ತುಂಬ ಗರಗರ. ಲಾಗ್ ಪುಸ್ತಕದಲ್ಲಿ ಆ ಎರಡು ಅಕ್ಷರಗಳ ಮುಂದಿನ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.