ಪಟ್ಟಿಯಿಂದ ಮಾಯವಾದ ಎರರ್

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಬಿಲ್ಡ್ ಲಾಗ್‌ಗಳನ್ನು (ಕೋಡ್‌ನಿಂದ ಪ್ರೋಗ್ರಾಂ ಕಟ್ಟುವಾಗ ಬರುವ ಸಂದೇಶಗಳ ದಾಖಲೆ) ವಾರ ವಾರವೂ ಹೋಲಿಸಿ, ಹೊಸದಾಗಿ ಬಂದ ಎರರ್ ಯಾವುದು, ಹೋದದ್ದು ಯಾವುದು ಎಂದು ಪಟ್ಟಿ ಮಾಡಿ ಸಂಬಂಧಪಟ್ಟವರಿಗೆ ಕಳುಹಿಸುವುದು ನನ್ನ ಕೆಲಸ. ಹೋಲಿಸುವ ಮುನ್ನ ಸಾಲಿನ ಸಂಖ್ಯೆಗಳನ್ನು ತೆಗೆದುಹಾಕಬೇಕೆಂದು ಮೊದಲ ವಾರದಲ್ಲೇ ಕಲಿತಿದ್ದೆ. ಫೈಲಿನ ಮೇಲ್ಭಾಗದಲ್ಲಿ ಯಾರೋ ಒಂದು ಸಾಲು ಸೇರಿಸಿದರೂ ಹಳೆಯ ಎರರ್ ಹೊಸದರಂತೆ ಕಾಣುತ್ತದೆ. ಇದಕ್ಕಿಂತ ದೊಡ್ಡ ಪಾಠ ಕಲಿಯುವಷ್ಟರಲ್ಲಿ ಇಬ್ಬರಿಗೆ ತೊಂದರೆ ಕೊಟ್ಟಿದ್ದೆ.

32 ಬಿಟ್ ಆರ್ಮ್ ಪ್ರೊಸೆಸರ್‌ಗಾಗಿ ಮಾಡುವ ಬಿಲ್ಡ್‌ನಲ್ಲಿ ಒಂದು ಎರರ್ ಇತ್ತು. ಡ್ರೈವರೊಂದರಲ್ಲಿ 64 ಬಿಟ್ ಸಂಖ್ಯೆಯನ್ನು ನೇರವಾಗಿ ‘/’ ಚಿಹ್ನೆಯಿಂದ ಭಾಗಿಸಿದ್ದರು. 64 ಬಿಟ್ ಪ್ರೊಸೆಸರ್ ಅದನ್ನು ತಾನೇ ಭಾಗಿಸಿಬಿಡುತ್ತದೆ. 32 ಬಿಟ್ ಆರ್ಮ್‌ನಲ್ಲಿ ಮಾತ್ರ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಅದಕ್ಕಾಗಿ ತನ್ನ ಲೈಬ್ರರಿಯ ಫಂಕ್ಷನ್ ಒಂದನ್ನು ಕರೆಯುತ್ತದೆ. ಕರ್ನಲ್ ಆ ಲೈಬ್ರರಿಯನ್ನು ಜೋಡಿಸಿಕೊಳ್ಳುವುದಿಲ್ಲ. ಫೈಲ್ ಸಲೀಸಾಗಿ ಕಂಪೈಲ್ ಆಗುತ್ತದೆ, ಕೊನೆಯಲ್ಲಿ ಎಲ್ಲ ಫೈಲುಗಳನ್ನು ಒಂದಾಗಿ ಜೋಡಿಸುವ ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ (ಕರೆದ ಫಂಕ್ಷನ್ ಎಲ್ಲೂ ಇಲ್ಲ) ಎಂದು ಕೈಚೆಲ್ಲುತ್ತದೆ. ‘/’ ಬದಲು ಕರ್ನಲ್‌ನದೇ ಭಾಗಾಕಾರದ ಫಂಕ್ಷನ್ ‘ಡಿವ್_ಯು64’ ಬಳಸಿದರೆ ಪರಿಹಾರವಾಗುತ್ತದೆ.

ಮುಂದಿನ ವಾರದ ಲಾಗ್‌ನಲ್ಲಿ ಆ ಎರರ್ ಇರಲಿಲ್ಲ. ಬೇರೊಂದು ಫೈಲಿನಲ್ಲಿ ಹೆಡರ್ (ಬೇರೆಡೆಯ ಫಂಕ್ಷನ್‌ಗಳನ್ನು ಪರಿಚಯಿಸುವ ಫೈಲ್) ಸೇರಿಸಲು ಮರೆತ ಎರರ್ ಬಂದಿತ್ತು. ‘ಹೊಸದು ಒಂದು, ಸರಿಯಾದದ್ದು ಒಂದು’ ಎಂದು ಬರೆದು ಕಳುಹಿಸಿದೆ. ಡ್ರೈವರ್ ನೋಡಿಕೊಳ್ಳುವವರು ನನ್ನ ಮಾತನ್ನು ನಂಬಿ, ಸಿದ್ಧವಾಗಿದ್ದ ಪ್ಯಾಚ್ (ತಿದ್ದುಪಡಿ) ಅನ್ನು ಬದಿಗಿಟ್ಟರು.

ಇನ್ನೊಂದು ವಾರಕ್ಕೆ ಹೆಡರ್ ಸರಿಯಾಯಿತು. ಭಾಗಾಕಾರದ ಎರರ್ ‘ಹೊಸದು’ ಎಂಬ ಪಟ್ಟಿಯಲ್ಲಿ ಮರಳಿ ಬಂತು! ಯಾವ ಕಮಿಟ್‌ನಿಂದ (ಕೋಡ್‌ಗೆ ಸೇರಿಸಿದ ಒಂದು ಬದಲಾವಣೆ) ದೋಷ ಬಂತೆಂದು ಹುಡುಕುವ ಗಿಟ್ ಬೈಸೆಕ್ಟ್ ಓಡಿಸಿದೆ. ಪ್ರತಿ ಸಲ ಅರ್ಧ ಭಾಗವನ್ನು ಕೈಬಿಡುವುದರಿಂದ ಸಾವಿರ ಕಮಿಟ್‌ಗಳಿದ್ದರೂ ಸುಮಾರು ಹತ್ತು ಬಿಲ್ಡ್‌ಗಳಲ್ಲಿ ಉತ್ತರ ಸಿಗುತ್ತದೆ. ಅದು ತೋರಿಸಿದ್ದು ಹೆಡರ್ ಸರಿಪಡಿಸಿದ ಕಮಿಟ್ ಅನ್ನು. ಯೋಚಿಸದೆ ಆ ಕಮಿಟ್ ಬರೆದವರಿಗೆ ದೂರು ಕಳುಹಿಸಿದೆ. ‘ನಾನು ಸೇರಿಸಿದ್ದು ಒಂದು ಇನ್‌ಕ್ಲೂಡ್ ಸಾಲು. ಇದರಲ್ಲಿ ಭಾಗಾಕಾರ ಎಲ್ಲಿದೆ, ದಯವಿಟ್ಟು ತೋರಿಸಿ’ ಎಂದು ಅವರು ಉತ್ತರಿಸಿದರು.

ಆಗ ಎರರ್ ಮಾಯವಾಗಿದ್ದ ವಾರದ ಲಾಗ್ ತೆರೆದು ಕೊನೆಯವರೆಗೂ ಓದಿದೆ. ಲಿಂಕ್ ಹಂತವೇ ಅದರಲ್ಲಿರಲಿಲ್ಲ. ಒಂದು ಎರರ್‌ಗೆ ಬಿಲ್ಡ್ ನಿಲ್ಲದಿರಲಿ ಎಂದು ಬಿಲ್ಡ್ ನಡೆಸುವ ಮೇಕ್‌ಗೆ ‘-ಕೆ’ ಆಯ್ಕೆ ಕೊಟ್ಟಿದ್ದೆ. ಅದು ಉಳಿದ ಫೈಲುಗಳನ್ನು ಕಂಪೈಲ್ ಮಾಡಿಸುತ್ತದೆ ನಿಜ, ಆದರೆ ಒಂದೇ ಒಂದು ಆಬ್ಜೆಕ್ಟ್ ಫೈಲ್ (ಕಂಪೈಲ್ ಆಗಿ ಬರುವ ಫೈಲ್) ತಯಾರಾಗದಿದ್ದರೂ ಲಿಂಕರ್‌ವರೆಗೆ ಹೋಗುವುದಿಲ್ಲ. ಅಂದರೆ ಆ ವಾರ ಭಾಗಾಕಾರವನ್ನು ಯಾರೂ ಪರೀಕ್ಷಿಸಿಯೇ ಇರಲಿಲ್ಲ. ಎರರ್ ಕಾಣಲಿಲ್ಲ ಎಂಬುದನ್ನೇ ನಾನು ‘ಸರಿಯಾಗಿದೆ’ ಎಂದು ಬರೆದಿದ್ದೆ. ಬೈಸೆಕ್ಟ್‌ಗೆ ಬರೆದ ಸ್ಕ್ರಿಪ್ಟ್‌ನಲ್ಲೂ ಅದೇ ತಪ್ಪು ಇತ್ತು: ಆ ಸಾಲು ಲಾಗ್‌ನಲ್ಲಿ ಇಲ್ಲದಿದ್ದರೆ ‘ಗುಡ್’.

ಈಗ ನನ್ನ ಪಟ್ಟಿಯಲ್ಲಿ ಮೂರನೆಯ ಅಂಕಣವಿದೆ: ‘ಗೊತ್ತಿಲ್ಲ’. ಲಿಂಕ್ ಹಂತ ತಲುಪದ ಬಿಲ್ಡ್‌ನಲ್ಲಿ ಕಾಣದ ಲಿಂಕ್ ಎರರ್‌ಗಳೆಲ್ಲ ಅಲ್ಲಿಗೆ ಹೋಗುತ್ತವೆ. ಬೈಸೆಕ್ಟ್ ಸ್ಕ್ರಿಪ್ಟ್ ಅಂಥ ಕಡೆ 125 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ಗಿಟ್ ಆ ಕಮಿಟ್ ಅನ್ನು ಒಳ್ಳೆಯದೆಂದೂ ಕೆಟ್ಟದ್ದೆಂದೂ ಎಣಿಸದೆ ಪಕ್ಕಕ್ಕೆ ಬಿಡುತ್ತದೆ.

ಲಿಂಕ್ ಪೂರ್ತಿಯಾಗಿದ್ದ ಹಳೆಯ ಕಮಿಟ್‌ನಿಂದ ಮತ್ತೆ ಹುಡುಕಿದಾಗ ಆ ‘/’ ಬರೆದ ಕಮಿಟ್ ಸಿಕ್ಕಿತು. ಇಬ್ಬರಿಗೂ ಲಾಗ್ ಸಮೇತ ಬರೆದು ಕ್ಷಮೆ ಕೇಳಿದೆ. ಡ್ರೈವರ್‌ನವರು ಬದಿಗಿಟ್ಟಿದ್ದ ಪ್ಯಾಚ್ ಅನ್ನು ಅಂದೇ ಕಳುಹಿಸಿದರು.